ತೌಡಿನ ಕೋಣೆ

ದೆವ್ವ ಕಂಡೆ ಅಂದವರನ್ನು ನಾನು ಬಾಗಿಲಿನಿಂದಲೇ ಬೈದು ಕಳಿಸುತ್ತಿದ್ದೆ. ಹೆಣದ ಜೊತೆ ನನಗಿದ್ದಷ್ಟು ಬಳಕೆ ಅವರಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಮೈ ತೊಳೆದು, ಕಾಲು ಮಡಚಿ, ಬೆನ್ನನ್ನು ಗೋಡೆಗೆ ಕೊಟ್ಟು, ತಲೆ ವಾಲದ ಹಾಗೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಇಡಬೇಕು. ನಮ್ಮೂರಿನಲ್ಲಿ ಹೆಂಗಸರು ಸತ್ತರೆ ಆ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದರು. ಉಸಿರು ಹೋದ ಸ್ವಲ್ಪ ಹೊತ್ತಿನಲ್ಲೇ ಕೂರಿಸಬೇಕು, ತಡವಾದರೆ ಮೈ ಸೆಟೆದು ಮಂಡಿ ಮಡಚುವುದಿಲ್ಲ. ಮಂಡಿ ಮುಟ್ಟಿ ನೋಡಿದರೆ ಸತ್ತು ಎಷ್ಟು ಹೊತ್ತಾಯಿತು ಅಂತ ನನಗೆ ಹೆಚ್ಚುಕಡಿಮೆ ತಿಳಿಯುತ್ತದೆ. ಅಷ್ಟು ಜನರನ್ನು ಕೂರಿಸಿದ್ದೇನೆ, ಒಬ್ಬರೂ ಬಾಯಿಬಿಟ್ಟು ನನ್ನನ್ನು ಮಾತಾಡಿಸಿರಲಿಲ್ಲ. ಸತ್ತವರು ಸತ್ತರು, ಅಲ್ಲಿಗೆ ಮುಗಿಯಿತು ಎಂದು ನಂಬಿದ್ದವಳು ನಾನು.

ಈಗಲೂ ದೆವ್ವವಿದೆ ಅಂತ ಹೇಳುತ್ತಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಡೆದದ್ದನ್ನು ನಡೆದ ಹಾಗೆ ಹೇಳಲು ಬರುತ್ತದೆ, ಬಣ್ಣ ಹಚ್ಚಲು ಬರುವುದಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹೆಂಗಸರಿಗೆ ಮೀಸಲು ಬಂದು, ಚಿಕ್ಕಯ್ಯನಛತ್ರದ ಕಡೆಯಿಂದ ನಾನು ತಾಲ್ಲೂಕು ಪಂಚಾಯಿತಿಗೆ ಆಯ್ಕೆಯಾಗಿದ್ದೆ. ಆಗಲೇ ನನಗೆ ಇಬ್ಬರು ಮೊಮ್ಮಕ್ಕಳು. ಮೀಟಿಂಗಿಗೆ ಹೋಗುವುದು, ಟೀ ಕುಡಿಯುವುದು, ತೋರಿಸಿದ ಕಡೆ ಸಹಿ ಹಾಕುವುದು, ಇಷ್ಟೇ ಕೆಲಸ ಅಂತ ಮೊದಲು ತಿಳಿದಿದ್ದೆ. ಒಂದು ದಿನ ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಒಂದು ವೃದ್ಧಾಶ್ರಮವನ್ನು ನೋಡಿಕೊಂಡು ಬರಬೇಕು ಅಂದರು. ಅದರ ಮಾನ್ಯತೆಯನ್ನು ಮುಂದುವರಿಸಬೇಕೋ ಬೇಡವೋ ಅಂತ ವರದಿ ಕೊಡಬೇಕಿತ್ತು. ವರದಿಗೆ ಮೂವರ ಸಹಿ: ಒಬ್ಬ ಅಧಿಕಾರಿ, ಒಬ್ಬ ಡಾಕ್ಟರಮ್ಮ, ಇನ್ನೊಂದು ನನ್ನದು.

ಅಧಿಕಾರಿ ಒಳ್ಳೆಯ ಮನುಷ್ಯನೇ, ಆದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲ ಮುಗಿಯಬೇಕು ಅನ್ನುವ ಜಾತಿ. ಜೀಪಿನಲ್ಲೇ ನನಗೆ ಕೆಲಸ ಹಂಚಿಬಿಟ್ಟರು.

"ಅಮ್ಮಾವ್ರೆ, ನೀವು ಅಡ್ಗೆಮನೆ ಒಂದ್ ನೋಡ್ಬುಡಿ, ಸಾಕು."

"ಒಲೆ ನೋಡಕ್ಕೆ ಜೀಪ್ ಅತ್ಬೇಕಿತ್ತಾ ಸಾ? ನಮ್ಮನೇಲೂ ಒಂದದೆ," ಅಂದೆ. ಡಾಕ್ಟರಮ್ಮ ಕಿಟಕಿಯ ಕಡೆ ತಿರುಗಿ ನಕ್ಕಳು. ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ.

ಆಶ್ರಮ ಹಿಂದೆ ಅಕ್ಕಿ ಮಿಲ್ಲಾಗಿತ್ತಂತೆ. ಉದ್ದನೆಯ ಒಂದು ಹಾಲು, ಎರಡೂ ಕಡೆ ಮಂಚಗಳು, ಇದ್ದವರೆಲ್ಲ ವಯಸ್ಸಾದ ಹೆಂಗಸರು. ಫಿನಾಯಿಲ್ ವಾಸನೆ ಗಮ್ಮಂತ ಹೊಡೆಯುತ್ತಿತ್ತು. ಹಾಸಿದ್ದ ದುಪ್ಪಟಿಗಳಲ್ಲಿ ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಬಚ್ಚಲಿನ ನೆಲ ಪಾಚಿ ಕಟ್ಟಿ ಜಾರುತ್ತಿತ್ತು, ಹಿಡಿದುಕೊಳ್ಳಲು ಒಂದು ಕಂಬಿಯೂ ಇರಲಿಲ್ಲ. ಹಿಂಬಾಗಿಲಿಗೆ ಅಡ್ಡಲಾಗಿ ಸಿಮೆಂಟ್ ಮೂಟೆ ಒಟ್ಟಿದ್ದರು. ಬೆಂಕಿ ಬಿದ್ದರೆ ಈ ಮುದುಕಿಯರು ಎಲ್ಲಿಂದ ಓಡಬೇಕು ಅಂತ ಕೇಳಿದರೆ, ಮ್ಯಾನೇಜರ್ ನಿಂಗರಾಜು ಹಲ್ಲು ಕಿರಿದು, "ನಾಳೀಕೇ ತೆಗ್ಸ್‌ಬುಡ್ತೀನಿ ಕಣವ್ವ" ಅಂದ. ಮಂಚದಿಂದ ಮಂಚಕ್ಕೆ ಹೋಗಿ ಹೇಗಿದ್ದೀರಿ ಅಂತ ಕೇಳಿದೆ. "ಚೆನ್ನಾಗ್ ನೋಡ್ಕತಾರೆ" ಅಂತ ಕೇಳಿದವರೆಲ್ಲರದ್ದೂ ಒಂದೇ ಮಾತು. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಹಿಂದೆ ನಿಂತಿದ್ದ ನಿಂಗರಾಜುವಿನ ಮುಖ ನೋಡುತ್ತಿದ್ದರು.

ನಾನು ಕೊನೆಯ ಮಂಚಗಳಿಗೆ ಹೋಗುವ ಮೊದಲೇ ಅವನು ಅಧಿಕಾರಿಗೆ ರಿಜಿಸ್ಟರ್ ತೋರಿಸಲು ಮುಂದಿನ ಮೇಜಿಗೆ ಹೋದ. ಡಾಕ್ಟರಮ್ಮ ಔಷಧಿ ಬೀರು ತೆಗೆಸಿ ನೋಡುತ್ತಿದ್ದಳು. ನನಗೆ ಮಂಡಿ ನೋವು, ಹಾಲಿನ ಕೊನೆಗೆ ಹೋಗಿ ಕಡೆಯ ಮಂಚದ ಮೇಲೆ ಕೂತೆ. ಆ ಮಂಚದಲ್ಲಿ ಒಬ್ಬ ಮುದುಕಿ ಕಾಲು ಮಡಚಿಕೊಂಡು, ಗೋಡೆಗೆ ಒರಗಿ, ಗಲ್ಲದವರೆಗೆ ಶಾಲು ಹೊದ್ದು ಕೂತಿದ್ದಳು. ಅಲ್ಲಿ ಬೆಳಕು ಕಡಿಮೆ. ಅವಳ ಒಂದು ಕಡೆ ಗೋಡೆ, ಇನ್ನೊಂದು ಕಡೆಯ ಮಂಚ ಖಾಲಿ. ಹಗಲು ಹನ್ನೊಂದು ಗಂಟೆ ಇರಬಹುದು. ನಾನು ಅವಳಿಗೆ ಬೆನ್ನು ಮಾಡಿ, ನಿಂಗರಾಜುವಿನ ನಾಟಕ ನೋಡುತ್ತಿದ್ದೆ.

"ಅವ್ವ," ಅಂತು ಬೆನ್ನ ಹಿಂದಿನಿಂದ ಒಂದು ದನಿ. ಸಣ್ಣ ದನಿ, ಗಂಟಲು ಒಣಗಿದವರದ್ದು. "ಕೆಂಪಿ ತೌಡಿನ ಕ್ವಾಣೇಲವ್ಳೆ. ನೆನ್ನೆಯಿಂದ ನೀರ್ ಕಂಡಿಲ್ಲ. ಬೀಗ ತೆಗ್ಸು."

ನಾನು ತಿರುಗಲಿಲ್ಲ. ತಿರುಗಿದರೆ ನಿಂಗರಾಜು ನೋಡುತ್ತಾನೆ, ಹೇಳಿದವಳಿಗೆ ಆಮೇಲೆ ಏಟು ಬೀಳುತ್ತದೆ ಅಂತ ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. ತುಟಿ ಅಲ್ಲಾಡಿಸದೆ ಕೇಳಿದೆ.

"ಯಾರವ್ವ ಕೆಂಪಿ?"

"ಈ ಪಕ್ಕದ್ ಮಂಚದವ್ಳು. ಸತ್ತೋಯ್ತಾಳೆ, ಬೇಗ ಓಗು."

ಎದ್ದು ನೇರ ಮೇಜಿನ ಹತ್ತಿರ ಹೋಗಿ, "ತೌಡಿನ ಕೋಣೆ ಎಲ್ಲಪ್ಪಾ?" ಅಂತ ಕೇಳಿದೆ. ನಿಂಗರಾಜು ರಿಜಿಸ್ಟರಿನಿಂದ ತಲೆ ಎತ್ತಿದ. ಹಲ್ಲು ಕಿರಿಯುವುದು ನಿಂತಿತು.

"ಆ ಎಸ್ರು ನಿಮ್ಗ್ಯಾರು ಏಳುದ್ರು?"

"ಯಾರೋ ಏಳುದ್ರು. ಬೀಗದ ಕೈ ತಗೊಂಡ್ ಬಾ."

ಅದು ಸ್ಟೋರು, ಹಳೇ ಮೆಷಿನ್ ಇದೆ, ಹಾವು ಸೇರಿಕೊಂಡಿದೆ, ಕೀಲಿ ಮೈಸೂರಿನಲ್ಲಿದೆ ಅಂತ ಒಂದಾದ ಮೇಲೊಂದು ಹೇಳಿದ. ಅಧಿಕಾರಿ ಗಡಿಯಾರ ನೋಡಿಕೊಂಡು, "ಬುಡಿ ಅಮ್ಮಾವ್ರೆ, ಸ್ಟೋರ್‌ನಲ್ಲಿ ಏನಿರ್ತದೆ, ಇನ್ನೊಂದ್ಸಲ ಬಂದಾಗ ನೋಡುವ" ಅಂದರು. ನಾನು ಹೊರಗಿನಿಂದ ಸುತ್ತಿಕೊಂಡು ಹಿತ್ತಿಲಿಗೆ ನಡೆದೆ, ಡಾಕ್ಟರಮ್ಮ ನನ್ನ ಹಿಂದೆ ಬಂದಳು. ಅಲ್ಲಿ ಬೀಗ ಹಾಕಿದ್ದದ್ದು ತಗಡಿನ ಬಾಗಿಲಿನ ಒಂದೇ ಒಂದು ಕತ್ತಲೆ ಕೋಣೆ. ಅಲ್ಲೇ ಬಿದ್ದಿದ್ದ ಕಲ್ಲೆತ್ತಿ ಬೀಗಕ್ಕೆ ಹೊಡೆದೆ. ಮೂರನೆಯ ಏಟಿಗೆ ಬೀಗವಲ್ಲ, ಚಿಲಕವೇ ಕಿತ್ತು ಬಂತು.

ಒಳಗೆ ನೆಲದಲ್ಲಿ, ಗೋಣಿಚೀಲದ ಮೇಲೆ ಒಬ್ಬಳು ಬಿದ್ದಿದ್ದಳು. ಹತ್ತು ದಿನದ ಹಿಂದೆ ಅದೇ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು ಅಂತ ಆಮೇಲೆ ಗೊತ್ತಾಯಿತು. ನೋವಿಗೆ ಕೂಗುತ್ತಾಳೆ, ನೋಡಲು ಬಂದವರ ಕಿವಿಗೆ ಬೀಳುತ್ತದೆ ಅಂತ ಹಿಂದಿನ ದಿನ ತಂದು ಹಾಕಿದ್ದರು. ಬೆನ್ನಿನಲ್ಲಿ ಹುಣ್ಣಾಗಿ ಹುಳ ಬಿದ್ದಿತ್ತು. ಬಾಯಿ ಒಣಗಿ ನಾಲಗೆ ಅಂಟಿತ್ತು. ಕೂಗಲು ಶಕ್ತಿಯಿರಲಿಲ್ಲ, ಕಣ್ಣು ಮಾತ್ರ ತಿರುಗಿತು. ಡಾಕ್ಟರಮ್ಮ ಬಟ್ಟೆ ನೆನೆಸಿ ತುಟಿಗೆ ಹಿಂಡಿದಳು. ಇನ್ನೊಂದು ಅರ್ಧ ದಿನ ಬಿಟ್ಟಿದ್ದರೆ ಇವಳು ಉಳಿಯುತ್ತಿರಲಿಲ್ಲ ಅಂದಳು. ಅಧಿಕಾರಿ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡವರು ಹೊರಗೆ ಹೋಗಿ ವಾಂತಿ ಮಾಡಿಕೊಂಡರು. ಅದೇ ಜೀಪಿನಲ್ಲಿ ಅವಳನ್ನು ನಂಜನಗೂಡಿನ ಆಸ್ಪತ್ರೆಗೆ ಕಳಿಸಿದೆವು.

ಹೇಳಿದವಳಿಗೆ ಸುದ್ದಿ ಹೇಳೋಣ ಅಂತ ನಾನು ಹಾಲಿಗೆ ವಾಪಸ್ ಬಂದೆ. ಮುದುಕಿ ಹಾಗೇ ಕೂತಿದ್ದಳು. "ಸಿಕ್ಕುದ್ಲು ಕಣವ್ವ, ಜೀವ ಅದೆ" ಅಂತ ಹೇಳಿ, ಶಾಲಿನ ಮೇಲಿನಿಂದಲೇ ಅವಳ ಮಂಡಿ ಮೇಲೆ ಕೈಯಿಟ್ಟೆ.

ಕೈಗೆ ತಕ್ಷಣ ಗೊತ್ತಾಯಿತು. ಶಾಲು ಸರಿಸಿದೆ. ಎದೆಗೆ ಅಡ್ಡಲಾಗಿ ಸೀರೆಯ ತುಂಡಿನಿಂದ ಮಂಚದ ತಲೆಯ ಕಡೆಯ ಕಂಬಿಗೆ ಕಟ್ಟಿದ್ದರು, ಗಲ್ಲಕ್ಕೂ ಬಟ್ಟೆ ಕಟ್ಟಿದ್ದರು. ಮಂಡಿ ಕಲ್ಲಾಗಿತ್ತು. ಮೊಣಕೈ ಎತ್ತಲು ನೋಡಿದೆ, ಬರಲಿಲ್ಲ. ಹೊತ್ತು ಹುಟ್ಟುವುದಕ್ಕೆ ಬಹಳ ಮುಂಚೆ ಹೋದ ಮೈ ಅದು. ನಾನು ಹೇಳಿದ್ದನ್ನೇ ಆಮೇಲೆ ಡಾಕ್ಟರಮ್ಮನೂ ಮುಟ್ಟಿ ನೋಡಿ ಹೇಳಿದಳು. ಮುದುಕಿಯರನ್ನು ನೋಡಿಕೊಳ್ಳಲು ಇದ್ದ ಆಯಾಳನ್ನು ಹಿಡಿದು ಕೇಳಿದರೆ ಅವಳು ಅಳುತ್ತ ಒಪ್ಪಿಕೊಂಡಳು. ಮುದುಕಿಯ ಹೆಸರು ದೇವಮ್ಮಣ್ಣಿ, ಬೆಳಗಿನ ಜಾವ ನೋಡಿದಾಗಲೇ ಸತ್ತಿದ್ದಳಂತೆ. ಸಾವು ಅಂದರೆ ಬಂದವರು ಹತ್ತು ಪ್ರಶ್ನೆ ಕೇಳುತ್ತಾರೆ, ಹೋಗುವವರೆಗೆ ಕೂರಿಸಿರು ಅಂತ ನಿಂಗರಾಜು ಹೇಳಿದನಂತೆ. ಆಯಾಳೂ ನಮ್ಮ ಜನದವಳೇ. ಕೂರಿಸುವುದು ಹೇಗೆ ಅಂತ ಅವಳಿಗೆ ಗೊತ್ತಿತ್ತು. ವಿಭೂತಿ ಮಾತ್ರ ಇಟ್ಟಿರಲಿಲ್ಲ.

ಅಷ್ಟು ಹೆಣ ಕೂರಿಸಿದವಳು, ಒಂದು ಹೆಣದ ಪಕ್ಕ ಕೂತು ಗುರುತು ಹಿಡಿಯಲಿಲ್ಲ. ಆ ನಾಚಿಕೆ ಒಂದು ಕಡೆ ಇರಲಿ. ನನ್ನ ಜೊತೆ ಮಾತಾಡಿದ್ದು ಯಾರು?

ಅಲ್ಲೇ ನಿಂತು ಎಲ್ಲ ಲೆಕ್ಕ ಹಾಕಿದೆ. ಪಕ್ಕದ ಮಂಚ ಖಾಲಿ, ಅದು ಕೆಂಪಿಯದೇ, ರಿಜಿಸ್ಟರಿನಲ್ಲಿ ಕೆಂಪಮ್ಮ ಅಂತಿತ್ತು. ಅದರಾಚೆಯವಳಿಗೆ ಎದ್ದು ಬರಲು ಆಗುವುದಿಲ್ಲ, ಕಿವಿಯೂ ಇಲ್ಲ. ಉಳಿದವರನ್ನು ಒಬ್ಬೊಬ್ಬರನ್ನೇ ಕೇಳಿದೆ. ನಾವು ಯಾಕವ್ವ ಏಳನ, ನಾವು ಇಲ್ಲೇ ಇರ್ಬೇಕಲ್ವಾ ಅಂದರು. ಹೆದರಿ ಬಾಯಿ ಮುಚ್ಚಿಕೊಂಡಿದ್ದೆವು ಅಂತ ಎದುರಿಗೇ ಒಪ್ಪಿಕೊಂಡವರು, ಹೇಳಿದ್ದಿದ್ದರೆ ಅದನ್ನೂ ಒಪ್ಪಿಕೊಳ್ಳುತ್ತಿದ್ದರು. ನನ್ನ ಮನಸ್ಸಿನ ಭ್ರಮೆ ಅನ್ನೋಣವೆಂದರೆ, ಕೆಂಪಿ ಅನ್ನುವ ಹೆಸರು, ತೌಡಿನ ಕೋಣೆ ಅನ್ನುವ ಮಾತು ನನಗೆ ಎಲ್ಲಿಂದ ಬರಬೇಕು? ನಾನು ಆ ಊರಿಗೆ ಹೋದದ್ದೇ ಅವತ್ತು.

ಆಶ್ರಮಕ್ಕೆ ಬೀಗ ಬಿತ್ತು. ಅಧಿಕಾರಿಯೂ ಕೊನೆಗೆ ಇದ್ದದ್ದನ್ನು ಇದ್ದ ಹಾಗೆಯೇ ಬರೆದರು. ನಿಂಗರಾಜು ಸ್ವಲ್ಪ ದಿನ ಒಳಗಿದ್ದು ಬಂದ, ಆಮೇಲೆ ಬೇರೆ ಎಲ್ಲೋ ಕೆಲಸಕ್ಕೆ ಸೇರಿದನಂತೆ. ಪೊಲೀಸಿನವರು ನಿಮಗೆ ಹೇಗೆ ತಿಳಿಯಿತು ಅಂತ ಕೇಳಿದಾಗ ನಾನು ಸುಳ್ಳು ಹೇಳಿದೆ, ಹಿತ್ತಿಲಲ್ಲಿ ನರಳುವುದು ಕೇಳಿಸಿತು ಅಂದೆ. ಇನ್ನೇನು ಹೇಳಬೇಕಿತ್ತು? ಹೆಣ ಹೇಳಿತು ಅಂದಿದ್ದರೆ, ಅವರು ಕೆಂಪಮ್ಮನ ವಿಷಯವನ್ನೂ ನಂಬುತ್ತಿರಲಿಲ್ಲ.

ನಾನೇ ಒಂದು ಸಮಾಧಾನ ಹುಡುಕಿಕೊಂಡಿದ್ದೆ. ನನ್ನ ಕೈ ತಪ್ಪಿರಬಹುದು, ಡಾಕ್ಟರಮ್ಮ ಚಿಕ್ಕವಳು, ಅವಳೂ ತಪ್ಪಿರಬಹುದು. ಆಯಾ ಸತ್ತಳು ಅಂದುಕೊಂಡಾಗ ಮುದುಕಿಗೆ ಎಲ್ಲೋ ಎಳೆ ಜೀವವಿತ್ತು, ನನ್ನ ಹತ್ತಿರ ಎರಡು ಮಾತಾಡಿ ಆಮೇಲೆ ಹೋದಳು ಅಂತ. ಮಂಡಿ ಅಷ್ಟು ಬೇಗ ಕಲ್ಲಾಗುವುದಿಲ್ಲ ಅಂತ ಗೊತ್ತಿದ್ದರೂ ಹಾಗೆ ಅಂದುಕೊಂಡು ಮಲಗುತ್ತಿದ್ದೆ.

ಮೂರು ತಿಂಗಳ ಮೇಲೆ ಕೆಂಪಮ್ಮ ನರಸೀಪುರದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾಳೆ ಅಂತ ತಿಳಿದು ಬಸ್ಸಿನಲ್ಲಿ ಹೋದೆ. ಎದ್ದು ಓಡಾಡುತ್ತಿರಲಿಲ್ಲ, ಆದರೆ ಮಾತು ಚುರುಕಾಗಿತ್ತು. ಬಾಳೆಹಣ್ಣು ಕೊಟ್ಟರೆ, "ಬೀಗ ಒಡ್ದವ್ಳು ಬರೀ ಬಾಳೆಣ್ ತಂದವ್ಳೆ ನೋಡು" ಅಂತ ತಂಗಿಯ ಮಗಳಿಗೆ ಹೇಳಿ ನಕ್ಕಳು. ಆಗ ನಾನು, ನನ್ನದೇನಿದೆ, ನಿನ್ನ ಜೀವ ಉಳಿಸಿದ್ದು ದೇವಮ್ಮಣ್ಣಿ, ಅವಳೇ ಹೇಳಿದ್ದು ಅಂದೆ. ಹೇಳಿದ ಮಾತನ್ನೂ ಹೇಳಿದೆ.

ಕೆಂಪಮ್ಮ ಹಣ್ಣು ಸುಲಿಯುವುದನ್ನು ನಿಲ್ಲಿಸಿದಳು.

"ತೌಡಿನ ಕ್ವಾಣೆ ಅಂತ ಕರೀತಿದ್ದೋಳು ಅವ್ಳೊಬ್ಳೇ ದಿಟ. ಅವ್ಳ ಗಂಡ ಆ ಮಿಲ್ನಲ್ಲಿ ಮೂಟೆ ಒರ್ತಿದ್ದ. ಆದ್ರೆ ಅವ್ಳು ಎಂಗ್ ಏಳುದ್ಲವ್ವ? ಲಕ್ವ ಒಡ್ದು ಮಾತು ನಿಂತು ಎರಡ್ ವರ್ಸ ಆಗಿತ್ತು. ನೀರು ಬೇಕು ಅಂದ್ರೂ ಲೋಟ್ದಲ್ಲಿ ಮಂಚ ಕುಟ್ಟೋಳು. ನಾನೆದ್ದು ಕೊಡ್ತಿದ್ದೆ."

ತಂಗಿಯ ಮಗಳು ಕಾಫಿ ತಂದಿಟ್ಟಳು. ಅದು ಅಲ್ಲೇ ಆರಿ ಕೆನೆ ಕಟ್ಟಿತು.

ಕೆಂಪಮ್ಮ ಇನ್ನೂ ನಾಲ್ಕು ವರ್ಷ ಬದುಕಿದಳು. ಹೋದಾಗಲೆಲ್ಲ ಕೇಳುತ್ತಿದ್ದೆ, ದೇವಮ್ಮಣ್ಣಿಗೆ ಒಂದು ಮಾತಾದರೂ ಬರುತ್ತಿತ್ತೇನೋ, ನೆನಪು ಮಾಡಿಕೋ ಅಂತ. ಇಲ್ಲ ಕಣವ್ವ ಅಂತಲೇ ಅನ್ನುತ್ತಿದ್ದಳು. ಅವಳು ಸತ್ತಾಗ ಹೋಗಿ ಮೈ ತೊಳೆದದ್ದು ನಾನೇ. ಕೆಲಸ ಮುಗಿದ ಮೇಲೆ, ಎಲ್ಲರನ್ನೂ ಆಚೆಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, ಅವಳಿಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಕೂತಿದ್ದೆ. ಏನೂ ಕೇಳಿಸಲಿಲ್ಲ. ಎದ್ದು ಹೊರಗೆ ಬಂದೆ.