ಪರದೆಯ ಈಚೆಯಿಂದ ಹೇಳಿದ ತ್ರಿಕೋನ

ಮಾಸ್ತರರ ಶೇರವಾನಿಯ ಮೂರನೆಯ ಗುಂಡಿ ಯಾವಾಗಲೂ ದಾರದ ತುದಿಗೆ ಜೋತಾಡುತ್ತಿತ್ತು. ನಿಂತರೂ ನಡೆದರೂ ಪಾಠ ಹೇಳಿದರೂ ಅವರ ಬೆರಳು ಆ ಗುಂಡಿಯನ್ನು ತಿರುವುತ್ತಲೇ ಇರುತ್ತಿದ್ದವು. ಅವರ ಹೆಂಡತಿಯನ್ನು ನಾನು ಖಾಲಾ ಎಂದು ಕರೆಯುತ್ತಿದ್ದೆ. ಖಾಲಾ ಅದನ್ನು ಎಷ್ಟು ಬಿಗಿಯಾಗಿ ಹೊಲಿದರೂ ವಾರ ಕಳೆಯುವುದರೊಳಗೆ ಮತ್ತೆ ಸಡಿಲ.

ಆಳಂದದಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರು ಗುಲಬರ್ಗಾದ ಸರ್ಕಾರಿ ಹೈಸ್ಕೂಲಿನ ಲೆಕ್ಕದ ಮಾಸ್ತರರು. ನಿಜಾಮರ ಕಾಲ, ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಾನು ಸೋಲಾಪುರದ ಸೋದರಮಾವನ ಮನೆಯಲ್ಲಿದ್ದು ಕಾನ್ವೆಂಟಿಗೆ ಹೋಗುತ್ತಿದ್ದೆ. ನಮ್ಮದೆಲ್ಲ ಇಂಗ್ಲಿಷು. ರಜೆಗೆ ನಾವಿಬ್ಬರೂ ಊರಿಗೆ ಬಂದಾಗ ಅವರೂ ಅಪ್ಪನೂ ಯಾವ ಶಾಲೆಯ ಪಾಠ ಬಿಗಿ ಎಂದು ನಮ್ಮ ಕಟ್ಟೆಯ ಮೇಲೆ ವಾದಕ್ಕೆ ಕೂರುವರು. ಕೂರುವುದು ಅಪ್ಪ ಮಾತ್ರ. ಮಾಸ್ತರರು ಕಟ್ಟೆಯ ಮುಂದೆ ಅತ್ತಿಂದಿತ್ತ ತಿರುಗಾಡುವರು.

"ನಿಮ್ಮ ಸರ್ಕಾರಿ ಸಾಲಿ ಅಂದ್ರ ಸಂತಿ, ಮಾಸ್ತರ ಸಾಬ. ಯಾರ ಮಾತು ಯಾರಿಗೆ ಕೇಳಸ್ತದ?"

"ಇರಲಿ ಬಿಡ್ರಿ ಗೌಡ್ರ. ನಿಮ್ಮ ಕಾನ್ವೆಂಟಿನಾಗ ಬರ್ಯೂ ವಹಿಗೆ ಗೆರಿ ಹೊಡ್ಯೂದು ಛಂದ ಕಲಿಸ್ತಾರ. ಗೆರಿ ಒಳಗ ಏನದ, ಅದನ್ನೂ ಒಮ್ಮೆ ನೋಡ್ರಿ."

ಒಂದು ವರ್ಷ ಕ್ರಿಸ್‌ಮಸ್ ರಜೆಗೆ ಬರುವಾಗ ನಾನು ಲೆಕ್ಕದಲ್ಲಿ ನಪಾಸಾಗಿ ಬಂದೆ. ಬಾಯಿಪಾಠ ಬರುತ್ತಿತ್ತು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈ ನಿಂತುಬಿಡುತ್ತಿತ್ತು. ಅಪ್ಪ ಕೂಗಾಡಲಿಲ್ಲ. ಊಟದ ತಾಟಿನಿಂದ ಮುಖ ಎತ್ತದೆ, "ಬ್ಯಾಸಗಿ ಪರೀಕ್ಷಾದಾಗೂ ಹಿಂಗಾದ್ರ ಸಾಲಿ ಬಂದ್. ಅಫಜಲಪುರದವರು ಹೆಣ್ಣು ಕೇಳಾಕತ್ತಾರ," ಎಂದರು. ನನಗೆ ಮೆಟ್ರಿಕ್ ಮುಗಿಸಬೇಕಿತ್ತು.

ಮರುದಿನ ಅವ್ವ ನನ್ನನ್ನು ಮಾಸ್ತರರ ಮನೆಗೆ ಕರೆದೊಯ್ದಳು. ಪಡಸಾಲೆಯಲ್ಲಿ ಊರಿನ ನಾಲ್ಕಾರು ಹುಡುಗರು, ಅವರ ಹೈಸ್ಕೂಲಿನವರೇ, ಒಂದೊಂದು ಪರಸಿಗಲ್ಲಿಗೆ ಒಬ್ಬರಂತೆ ಕೂತಿದ್ದರು. ಆ ನೆಲಗಲ್ಲೇ ಅವರು ಬರೆಯುವ ಪಾಟಿ. ಲಂಗದ ಮೇಲೆ ಸೆರಗು ಹೊದೆಯುವ ವಯಸ್ಸಿನ ನಾನು ಅವರ ನಡುವೆ ಕೂರುವ ಹಾಗಿರಲಿಲ್ಲ. ಬಾಗಿಲ ಪರದೆಯ ಈಚೆ, ಖಾಲಾ ಜೋಳ ಹಸನು ಮಾಡುವಲ್ಲಿ ನನ್ನ ಜಾಗ.

"ಹೇಳು ಬೇಟಿ, ಎರಡು ಬಾಜು ಸಮ ಇದ್ದ ತ್ರಿಕೋನದ ಬುಡದ ಕೋನ ಎರಡೂ ಯಾಕ ಸಮ?" ಎಂದರು ಮಾಸ್ತರರು ಆಚೆಯಿಂದ.

ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ತಲೆದೂಗುತ್ತಿದ್ದರು.

"ದನಿ ಛಂದ ಅದ. ಆದ್ರ ನನ್ನ ಹುಡುಗ್ರಿಗೆ ಏನೂ ತಿಳಿಲಿಲ್ಲ. ಮನ್ಯಾಗ ಆಡೂ ಕನ್ನಡದಾಗ ಹೇಳು. ನೀ ಹೇಳಿದಷ್ಟ ಇಲ್ಲಿ ಈ ಹುಡುಗ ಬರೀತಾನ. ಹೇಳಲಾರದ್ದು ಬರ್ಯಂಗಿಲ್ಲ."

"ಒಂದು ಅಡ್ಡಗೆರಿ ಹಾಕ್ರಿ," ಎಂದೆ. ಆಚೆ ಸೀಮೆಸುಣ್ಣ ಕಲ್ಲಿನ ಮೇಲೆ ಕಿರ್ರೆಂದಿತು. "ಅದರ ಎರಡೂ ತುದೀಲಿಂದ ಮ್ಯಾಲ ಎರಡು ಗೆರಿ. ಎರಡೂ ಒಂದೇ ಉದ್ದ."

ಪಡಸಾಲೆಯಲ್ಲಿ ನಗೆ ಎದ್ದಿತು. "ಮಾಸ್ತರ ಸಾಬ, ಇದು ಹೊರಸು ಆತ್ರಿ! ಕಾಲು ಮ್ಯಾಲ ಮಾಡಿ ಬಿದ್ದದ!"

ಮಗುಚಿದ ಮಂಚದ ಕಾಲಿನಂತೆ ನಿಂತ ಆ ಎರಡು ಗೆರೆ ಮೇಲೆ ಹೋಗಿ ಒಂದಕ್ಕೊಂದು ಕೂಡಬೇಕೆಂದು ನಾನು ಹೇಳಿರಲಿಲ್ಲ. ಇಷ್ಟು ದಿನ ಪುಸ್ತಕದ ಚಿತ್ರವೇ ನನ್ನ ಪರವಾಗಿ ಅದನ್ನು ಹೇಳುತ್ತಿತ್ತು. ಕಿವಿ ಸುಡುತ್ತಿತ್ತು. ಎದ್ದವಳನ್ನು ಖಾಲಾ ಲಂಗ ಹಿಡಿದು ಕೂರಿಸಿದರು.

"ಭಾಳ ನಗಾಕತ್ತೀಯಲ್ಲಲೇ, ಈಗ ನೀ ಹೇಳು, ಅಕಿ ಬರೀಲಿ," ಎಂದರು ಮಾಸ್ತರರು. ಹುಡುಗ ಉರ್ದುವಿನಲ್ಲಿ ಗಡಗಡ ಶುರುಮಾಡಿದ. ಕನ್ನಡದಲ್ಲಿ ಎಂದೊಡನೆ ತಡವರಿಸಿದ. "ನಡುವ ಒಂದು ಗೆರಿ... ಆಮ್ಯಾಲ... ಸಾಬೀತ್ ಆತು."

ಬರೆಯಲು ಇದ್ದಿಲು ಹಿಡಿದು ಕೂತಿದ್ದ ನಾನು ಸಿಸ್ಟರ್ ಕೇಳುವ ಹಾಗೆಯೇ ಮೆಲ್ಲಗೆ ಕೇಳಿದೆ. "ನಡುವ ಅಂದ್ರ ಎಲ್ಲಿಂದ ಎಲ್ಲಿಗ್ರಿ?"

"ನಡುವ ಅಂದ್ರ... ನಡುವ," ಎಂದ ಹುಡುಗ. ಖಾಲಾ ಮೊರ ಕೆಳಗಿಟ್ಟು ನಕ್ಕುಬಿಟ್ಟರು. "ಈಗ ಯಾರ್ದು ಹೊರಸು?"

ಆ ಸಂಜೆ ಅಪ್ಪ ಕಟ್ಟೆಯ ಮೇಲಿಂದ ಕೇಳಿದರು, "ಏನಂತದ ನಮ್ಮ ಕಾನ್ವೆಂಟು?" ಮಾಸ್ತರರು ಗೆದ್ದವರ ಹಾಗೆ ಕಾಣಲಿಲ್ಲ. "ನಿಮ್ಮ ಮಗಳು ಕಲೀತಾಳ್ರಿ. ನನ್ನ ಹುಡುಗ್ರೂ ಬಾಯಿಪಾಠನ ಮಾಡ್ಯಾರ. ಇಷ್ಟು ವರ್ಸ ಇವರಿಗೆ ನಾ ಏನು ಕಲಿಸಿದೆ?" ಎಂದು ಮೂರು ಸಲ ಬೀದಿಯ ತುದಿಯವರೆಗೆ ಹೋಗಿ ಬಂದರು. ಗುಂಡಿ ಕಿತ್ತು ಅವರ ಕೈಗೇ ಬಂತು.

ರಜೆ ಮುಗಿಯುವವರೆಗೂ ಅದೇ ಪರದೆ, ಅದೇ ಪಾಠ. ಒಂದು ದಿನ ಹುಡುಗರ ತ್ರಿಕೋನ ಸರಿಬಂದರೆ, ಇನ್ನೊಂದು ದಿನ ನನ್ನದು. ಬೇಸಿಗೆಯಲ್ಲಿ ಪಾಸಾದೆ. ಮೆಟ್ರಿಕ್ ಮುಗಿಸಿಯೇ ಅಫಜಲಪುರಕ್ಕೆ ಸೊಸೆಯಾಗಿ ಬಂದೆ. ಮಾಸ್ತರರಿಗೆ ಮಾತ್ರ ತಮ್ಮ ಪಾಠದ ಬಗ್ಗೆ ಸಮಾಧಾನ ಆಗಲೇ ಇಲ್ಲ. ತವರಿಗೆ ಹೋದಾಗಲೆಲ್ಲ ನಿಂತ ಕಾಲಲ್ಲೇ ಒಂದು ಲೆಕ್ಕ ಮುಂದಿಟ್ಟು, "ಇಂಥಾದ್ದನ್ನ ನಿಮ್ಮ ಸಿಸ್ಟರ್ ಹೆಂಗ ಹೇಳ್ತಿದ್ರು?" ಎಂದು ಕೇಳುವರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಹೋದಾಗ ಶೇರವಾನಿ ಗೂಟಕ್ಕೆ ತೂಗಿತ್ತು. ಮೂರನೆಯ ಗುಂಡಿ ಬಿಗಿಯಾಗಿ ಕೂತಿತ್ತು. ಖಾಲಾ ಅದನ್ನು ಮುಟ್ಟಿ, ನನ್ನ ಮುಖ ನೋಡಿದರು.

ಈಗ ನನ್ನ ಮಗ ಸರ್ಕಾರಿ ಶಾಲೆಗೆ ಹೋಗುತ್ತಾನೆ, ಮಗಳು ಸೋಲಾಪುರದ ನನ್ನ ಕಾನ್ವೆಂಟಿಗೆ. ಯಾವುದು ಬಿಗಿ ಎಂದು ರಜೆಯಲ್ಲಿ ಅವರ ಜಗಳ. ನಾನು ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಾ, "ನಾ ನೋಡಂಗಿಲ್ಲ. ತ್ರಿಕೋನ ಹೇಳ್ರಿ," ಎನ್ನುತ್ತೇನೆ. ಶುರುಮಾಡುತ್ತಾರೆ. ಅರ್ಧಕ್ಕೆ ನಿಲ್ಲಿಸಿದರೆ ನನ್ನ ಕೈಯೂ ನಿಲ್ಲುತ್ತದೆ. ಹಿಟ್ಟು ಮೆತ್ತಿದ ಬೆರಳು ಸೆರಗಿನ ತುದಿಯನ್ನು ತಿರುವತೊಡಗುತ್ತವೆ.