ನಾನು ಎಳೆಯದ ಭುಜ

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕೊಡಿಗೇಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಇದಕ್ಕೊಂದು ಬೆಲೆಯಿದೆ. ಹಾಗೆ ಹುಟ್ಟಿದವರು ಮೆಲ್ಲಗೆ ಒದ್ದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆ, ಉಳುಕು ಇಳಿಯುತ್ತದೆ ಎಂಬ ನಂಬಿಕೆ. ಮದುವೆಯಾಗಿ ಬಂದ ಹೊಸತರಲ್ಲೇ ನಮ್ಮತ್ತೆ ಈ ಸುದ್ದಿಯನ್ನು ಬೀದಿಗೆಲ್ಲ ಹಂಚಿಬಿಟ್ಟಿದ್ದರು. ಅಲ್ಲಿಂದ ಶುರು. ಬೆಳಗಾದರೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದರು. ಸಹಕಾರನಗರದ ದೊಡ್ಡ ಮನೆಗಳಿಂದ ಕಾರಿನಲ್ಲಿ ಬಂದು ಒದೆಸಿಕೊಂಡು ಹೋದವರೂ ಇದ್ದಾರೆ. ಅವರನ್ನು ಗೋಡೆ ಕಡೆ ತಿರುಗಿಸಿ ನಿಲ್ಲಿಸಿ, ಎಡಗಾಲಲ್ಲಿ ಬೆನ್ನಿಗೆ ತಟ್ಟಿ ಕಳಿಸುತ್ತಿದ್ದೆ. ವಾಸಿಯಾಯಿತೋ ಇಲ್ಲವೋ ದೇವರೇ ಬಲ್ಲ, ವಾಪಸು ಬಂದು ಜಗಳವಾಡಿದವರಂತೂ ಇಲ್ಲ.

ನಮ್ಮ ಯಜಮಾನರಿಗೆ ಮಾತ್ರ ಇದೆಲ್ಲ ತಮಾಷೆ. ಮನೆಯ ಕೆಳಗೇ ನಮ್ಮ ದಿನಸಿ ಅಂಗಡಿ. "ಡಾಕ್ಟ್ರಮ್ಮಾ, ಪೇಷಂಟ್ ಬಂದವ್ರೆ, ಬಂದು ಒದಿ" ಎಂದು ಗಲ್ಲಾದ ಮೇಲಿಂದಲೇ ಕೂಗುತ್ತಿದ್ದರು. ನಾನು ಮೇಲಿನಿಂದ ಬೈಯುತ್ತಿದ್ದೆ. ಅರವತ್ತು ದಾಟಿದ ಮೇಲೂ ಆ ಮನುಷ್ಯನಿಗೆ ಅಕ್ಕಿ ಮೂಟೆಯನ್ನು ಬೇರೆಯವರು ಮುಟ್ಟಬಾರದು, ಮೇಲಿನ ಹಲಗೆಯ ಡಬ್ಬವನ್ನು ಬೇರೆಯವರು ಇಳಿಸಬಾರದು. ಅಷ್ಟು ಜಂಬ ಆ ಬಲಗೈ ಮೇಲೆ.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಮುಕ್ಕಾಲು ಏರಿ ಸಿಕ್ಕಿಕೊಂಡಿತು. ಎಣ್ಣೆ ಬಿಡ್ರೀ ಎಂದು ನಾನು ಮೆಟ್ಟಿಲ ಮೇಲಿಂದ ಹೇಳುತ್ತಲೇ ಇದ್ದೆ. ಕೇಳಿದರೆ ತಾನೆ? ಕೈ ಮೇಲೆತ್ತಿ ಶಟರಿನ ಹಿಡಿ ಹಿಡಿದು ಜಗ್ಗಿದರು. ಒದ್ದೆ ಕಲ್ಲಿನ ಮೇಲೆ ಕಾಲು ಜಾರಿತು. ಹಿಡಿಯಲ್ಲಿ ಸಿಕ್ಕಿದ್ದ ಕೈ ಮಾತ್ರ ಮೇಲೆಯೇ ಉಳಿಯಿತು. ಇಡೀ ಮೈ ಭಾರ ಒಂದು ಕ್ಷಣ ಆ ಭುಜದಿಂದ ನೇತಾಡಿತು, ಆಮೇಲೆ ಬಿದ್ದರು. ನನ್ನ ಗಂಡ ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಓಡಿ ಬಂದು ನೋಡಿದೆ. ಗುಂಡಗಿರಬೇಕಾದ ಭುಜ ಪೆಟ್ಟಿಗೆಯ ಮೂಲೆಯ ಹಾಗೆ ಚೂಪಾಗಿ ನಿಂತಿತ್ತು. ಅದರ ಕೆಳಗೆ, ಎದೆಯ ಪಕ್ಕದಲ್ಲಿ, ಒಂದು ಗಡ್ಡೆ ಎದ್ದಿತ್ತು. ಎಡಗೈಯಲ್ಲಿ ಬಲಗೈಯನ್ನು ಹಿಡಿದುಕೊಂಡು, ಬೆವರುತ್ತಾ, ಮುಟ್ಟಬೇಡ ಮುಟ್ಟಬೇಡ ಎನ್ನುತ್ತಿದ್ದರು. ಪಕ್ಕದ ಬೇಕರಿಯವರು ಬಂದು ಅವರನ್ನು ಎತ್ತಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಮಲಗಿಸಿದರು.

ಅಷ್ಟರಲ್ಲಿ ನಮ್ಮತ್ತೆ ಕೋಲೂರಿಕೊಂಡು ಇಳಿದು ಬಂದರು. ಮಗನನ್ನು ನೋಡಿ ಅಳಲಿಲ್ಲ. ನನ್ನ ಕಡೆ ತಿರುಗಿದರು.

"ನಿಂತ್ಕಂಡು ಏನ್ ನೋಡ್ತಿದ್ದೀಯೇ? ಕೀಲು ಜಾರೈತೆ. ಕಂಕುಳಿಗೆ ಕಾಲು ಕೊಟ್ಟು ಕೈ ಇಡ್ಕಂಡು ಎಳಿ. ನಿನ್ ಕಾಲಿಗಾಗ್ದಿದ್ದು ಇನ್ಯಾವ ಆಸ್ಪತ್ರೇಲಿ ಆಯ್ತದೆ?"

"ಅತ್ತೆ, ನಾನು ಬೆನ್ನಿಗೆ ಒದೆಯೋಳು. ಭುಜ ಎಲ್ಲಿ ಎಳೆದಿದ್ದೀನಿ?"

"ಇಂಗೆ ಒತ್ತು ಕಳೆದ್ರೆ ಊತ ಬಂದು ಸೇರ್ಕಂತದೆ, ಆಮೇಲೆ ಕೀಲು ಕೂರಾಕಿಲ್ಲ. ಎಳಿಯೇ!"

ಸುತ್ತ ಜನ ಸೇರಿದ್ದರು. ಅದರಲ್ಲಿ ಅರ್ಧ ಜನ ನನ್ನ ಕೈಯಲ್ಲಿ, ಅಲ್ಲ, ನನ್ನ ಕಾಲಲ್ಲಿ ಒದೆಸಿಕೊಂಡವರೇ. "ಎಳೀರಿ ಅಕ್ಕಾ, ಒಂದೇ ಏಟಿಗೆ ಕೂತ್ಕೊಳ್ಳುತ್ತೆ" ಎಂದರು ಬೇಕರಿಯವರು. ಅಷ್ಟೂ ಸಾಲದೆಂಬಂತೆ ನಮ್ಮ ಯಜಮಾನರೇ ಕಣ್ಣು ಬಿಟ್ಟರು. ಅಷ್ಟು ವರ್ಷ ನನ್ನನ್ನು ಆಡಿಕೊಂಡ ಬಾಯಿ. "ಎಳೆದ್ಬಿಡು ಕಣೇ. ತಡೆಯೋಕಾಗ್ತಿಲ್ಲ. ನಿನ್ ದಮ್ಮಯ್ಯ" ಎಂದರು.

ಚಪ್ಪಲಿ ಬಿಟ್ಟೆ. ಅವರ ಮಣಿಕಟ್ಟು ಹಿಡಿದೆ. ಕಾಲನ್ನು ಕಂಕುಳಿಗೆ ಕೊಟ್ಟೆ. ಇನ್ನು ಜಗ್ಗುವುದೊಂದೇ ಬಾಕಿ. ಹಿಡಿದ ಕೈ ತಣ್ಣಗಿತ್ತು.

"ರೀ, ಬೆರಳು ಆಡಿಸಿ."

"ಜೋಮು ಹಿಡ್ದಿದೆ. ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಈ ಕೈ ಹೋದರೆ? ನಾನು ಎಳೆದಿದ್ದರಿಂದಲೇ ಹೋದರೆ? ಕಾಲು ತೆಗೆದುಬಿಟ್ಟೆ.

"ಆಟೋ ಕರೀರಿ" ಎಂದು ಕೂಗಿದೆ. ಯಾರೂ ಅಲ್ಲಾಡಲಿಲ್ಲ. "ಏನ್ ಸಿನಿಮಾ ನೋಡ್ತಿದ್ದೀರೇನ್ರೀ? ಆಟೋ ಕರೀರಿ!"

"ಗಂಡನಿಗೆ ಆಗ್ದಿರೋ ಕಾಲು ಇದ್ದೇನು ಸತ್ತೇನು" ಎಂದರು ಅತ್ತೆ. ಎಲ್ಲರ ಮುಂದೆಯೇ ಅಂದರು.

ತೋಳು ಮತ್ತು ಪಕ್ಕೆಯ ನಡುವೆ ದಿಂಬು ಇಟ್ಟು, ಕೈ ಇದ್ದ ಹಾಗೇ ಇರಲಿ ಎಂದು ನನ್ನ ಹಳೇ ಸೀರೆಯೊಂದನ್ನು ಸುತ್ತಿ ಕಟ್ಟಿದೆ. ಆಟೋ ಬಂತು, ಹೆಬ್ಬಾಳದ ಆಸ್ಪತ್ರೆ ಕಡೆ ಹೊರಟೆವು. ಒಂದೊಂದು ಹಂಪ್ ಬಂದಾಗಲೂ ಅವರು ಹಲ್ಲು ಕಚ್ಚುತ್ತಿದ್ದರು, ನಾನು ಆಟೋದವನಿಗೆ ಬೈಯುತ್ತಿದ್ದೆ. "ಅಮ್ಮಾ, ಹಂಪ್ ನಾನು ಹಾಕ್ಸಿದ್ದಲ್ಲ" ಎಂದ ಪಾಪ. ಫ್ಲೈಓವರ್ ಕೆಳಗೆ ನೀರು ನಿಂತು ಗಾಡಿಗಳು ಕದಲುತ್ತಲೇ ಇರಲಿಲ್ಲ. ಅಲ್ಲಿ ಕೂತು ಅವರ ಬೆರಳುಗಳನ್ನು ಉಜ್ಜುತ್ತಾ ಇದ್ದೆ. ಗೊತ್ತಾಗುತ್ತಾ ಎಂದು ಕೇಳುತ್ತಿದ್ದೆ, ಇಲ್ಲ ಎನ್ನುತ್ತಿದ್ದರು. ಊತ ಬಂದು ಸೇರಿಕೊಳ್ಳುತ್ತದೆ ಎಂದ ಅತ್ತೆಯ ಮಾತು ಕಿವಿಯಲ್ಲೇ ಕೂತಿತ್ತು. ಎಳೆದಿದ್ದರೆ ಆಗಿಯೇ ಹೋಗುತ್ತಿತ್ತೇನೋ, ನನ್ನ ಹೇಡಿತನಕ್ಕೆ ಇವರ ಕೈ ಹೋಗುತ್ತಿದೆಯೇನೋ ಎಂದುಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರು ಮೊದಲು ಎಕ್ಸ್‌ರೇ ತೆಗೆಸಿದರು. ನೋಡಿ, ನನ್ನನ್ನು ಕರೆದು ಕೇಳಿದರು.

"ಮನೇಲಿ ಯಾರೂ ಎಳೀಲಿಲ್ಲ ತಾನೆ?"

"ಇಲ್ಲ."

"ಒಳ್ಳೇದಾಯ್ತು. ಭುಜ ಜಾರಿರೋದಷ್ಟೇ ಅಲ್ಲ, ಮೂಳೇಲಿ ಬಿರುಕೂ ಇದೆ. ಎಳೆದಿದ್ರೆ ತುಂಡಾಗಿರೋದು. ನರ ಬೇರೆ ಒತ್ತಿಕೊಂಡಿದೆ."

ಮಂಪರಿನ ಇಂಜೆಕ್ಷನ್ ಕೊಟ್ಟು, ನಿಧಾನವಾಗಿ ಕೀಲು ಕೂರಿಸಿದರು. ಸಂಜೆ ಹೊತ್ತಿಗೆ ಬೆರಳಿಗೆ ಸ್ಪರ್ಶ ಬಂತು. ನಾನು ಗೋಡೆಗೆ ಒರಗಿ ಕೂತು ಜೋರಾಗಿ ಅತ್ತುಬಿಟ್ಟೆ, ನರ್ಸಮ್ಮ ನೀರು ತಂದುಕೊಟ್ಟರು.

ಕಥೆ ಮುಗಿಯಿತು ಅಂದುಕೊಂಡೆವು. ಕೆಲವು ವಾರ ಕೈ ಜೋಲಿಯಲ್ಲಿತ್ತು. ಜೋಲಿ ತೆಗೆದ ದಿನ ಡಾಕ್ಟರು ಕೈ ಎತ್ತಿ ಎಂದರು. ಎತ್ತಲಾಗಲಿಲ್ಲ. ಇವರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಕೈ ಮಾತ್ರ ಪಕ್ಕೆ ಬಿಟ್ಟು ಕದಲಲಿಲ್ಲ. ಸ್ಕ್ಯಾನ್ ಆಯಿತು. "ಈ ವಯಸ್ಸಲ್ಲಿ ಭುಜ ಒಂದೇ ಜಾರಲ್ಲ. ಕೈಯನ್ನ ಮೇಲಕ್ಕೆತ್ತೋ ಸ್ನಾಯುಗಳನ್ನೂ ಕಿತ್ಕೊಂಡು ಹೋಗುತ್ತೆ. ಆಪರೇಷನ್ ಮಾಡಿ ಹೊಲೀಬೇಕು. ತಡ ಮಾಡಿದ್ರೆ ಹೊಲಿಯೋಕೂ ಬರಲ್ಲ" ಎಂದರು.

ಇವರು ಒಪ್ಪಲಿಲ್ಲ. ನಾಳೆ ನೋಡೋಣ, ಹಬ್ಬ ಕಳೀಲಿ, ಎಣ್ಣೆ ತಿಕ್ಕಿದರೆ ಸರಿಹೋಗುತ್ತೆ. ಅಂಗಡಿಯಲ್ಲಿ ಕೂತು, ಮೇಲಿನ ಹಲಗೆಯದನ್ನು ಕೇಳಿದವರಿಗೆ ಸ್ಟಾಕ್ ಇಲ್ಲ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದರು. ಊಟಕ್ಕೆ ಕೂತರೆ ಕೈ ಬಾಯಿಗೆ ಹೋಗುತ್ತಿರಲಿಲ್ಲ, ಬಾಯೇ ಬಗ್ಗಿ ಕೈಗೆ ಬರುತ್ತಿತ್ತು. ನೋಡಿ ನೋಡಿ ನನಗೆ ಅನ್ನ ಸೇರುತ್ತಿರಲಿಲ್ಲ. ತಡವಾದರೆ ಹೊಲಿಯಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ಕೇಳಿಸಿತ್ತೇನೋ ಅನ್ನಿಸುತ್ತಿತ್ತು. ಅತ್ತೆಯಂತೂ ನನ್ನ ಜೊತೆ ಮಾತು ಬಿಟ್ಟಿದ್ದರು.

ಒಂದು ಮಧ್ಯಾಹ್ನ ಹಾಗೇ ತಟ್ಟೆಗೆ ಬಗ್ಗಿದವರು ತಲೆ ಎತ್ತದೆಯೇ ಹೇಳಿದರು.

"ಅವತ್ತೇ ನೀನು ಎಳೆದಿದ್ರೆ ಈ ಗತಿ ಬರ್ತಿರ್ಲಿಲ್ಲ."

"ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?"

"ಡಾಕ್ಟ್ರು ನೂರು ಹೇಳ್ತಾರೆ. ಊರೋರಿಗೆಲ್ಲಾ ಒದ್ದೆ. ದಾರೀಲಿ ಹೋಗೋರಿಗೂ ಒದ್ದೆ. ಕಟ್ಕೊಂಡ ಗಂಡ ಬಾಯಿ ಬಿಟ್ಟು ಕೇಳಿದಾಗ ಕಾಲು ಹಿಂದಕ್ಕೆ ತಗೊಂಡ್ಯಲ್ಲ, ಯಾಕೆ?"

ಮೈಯೆಲ್ಲ ಉರಿದುಹೋಯಿತು. ಸೌಟನ್ನು ಸಾರಿನ ಪಾತ್ರೆಗೆ ಬಿಸಾಕಿದೆ.

"ಊರೋರೆಲ್ಲಾ ನನ್ ಗಂಡಂದಿರೇನ್ರೀ? ಅವರ ಬೆನ್ನು ಏನಾದ್ರೆ ನಂಗೇನು? ಒದ್ದೆ, ಕಳಿಸ್ದೆ, ಬಂದು ಒಲೆ ಹಚ್ಚಿದೆ. ನಿಮ್ಮ ಕೈ ಹಿಡ್ಕೊಂಡ್ರೆ ತಣ್ಣಗಿತ್ತು. ಇದೇನಾದ್ರೂ ನನ್ನಿಂದ ಹೋದ್ರೆ ಅಂತ ಹೆದರ್ಕೊಂಡೆ. ಹೌದು, ಹೆದರ್ಕೊಂಡೆ! ಈಗ್ಲೂ ಹೆದರ್ಕೊಂಡೇ ಇದ್ದೀನಿ. ದಿನಾ ಒಂದೊಂದು ನೆಪ ಹೇಳ್ತಾ ಕೂತಿದ್ದೀರಲ್ಲ, ಆ ಕೈ ಪೂರ್ತಿ ಹೋಗ್ಲಿ ಅಂತ ಕಾಯ್ತಿದ್ದೀರಾ?"

ಅಳು ಬಂತು. ಒಳಕೋಣೆಯ ಮಂಚದಿಂದ ಅತ್ತೆಯ ದನಿ ಕೇಳಿತು. "ಅವಳನ್ಯಾಕ್ಲಾ ಅಳಿಸ್ತೀಯ? ಸುಮ್ಕೆ ಓಗಿ ಕುಯ್ಸ್ಕಂಡು ಬಾ."

ಅವರು ಎಡಗೈಯಲ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಂಗೂ ಹೆದರಿಕೆ ಕಣೇ" ಎಂದರು. "ಆಪರೇಷನ್ ಮಾಡೋವಾಗ ನೀನೂ ಒಳಗೆ ಬರ್ತೀಯ ತಾನೆ?"

"ಒಳಗೆ ಬಿಡಲ್ಲ ಕಣ್ರೀ. ಬಾಗಿಲ ಹತ್ರ ಇರ್ತೀನಿ."

"ಅಲ್ಲೇ ಇರು. ಕಾಫಿಗೆ ಅಂತಾನೂ ಹೋಗ್ಬೇಡ."