ಇಂದ್ರವ್ವನ ಕಿವಿಯ ಹತ್ತಿ

ಇಂದ್ರವ್ವ ಮೌನವ್ರತ ಹಿಡಿದಿದ್ದಾರೆ ಎಂದು ತೇರದಾಳಕ್ಕೆಲ್ಲ ಸಾರಿದವರು ಅವರ ಮೈದುನ ನೇಮಿರಾಜ. ಹೈಸ್ಕೂಲು ಮಾಸ್ತರರು, ಕೇಳಿದವರಿಗೂ ಕೇಳದವರಿಗೂ ವಿವರಿಸುವ ಸ್ವಭಾವ. ಇಂದ್ರವ್ವನ ಗಂಡ, ಅಂದರೆ ಅವರ ಅಣ್ಣ ಪಾರಿಸಪ್ಪ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಪಾಳಿಯಲ್ಲೇ ಮುಳುಗಿರುತ್ತಿದ್ದುದರಿಂದ, ಮನೆಯ ಪರವಾಗಿ ಮಾತಾಡುವ ಭಾರ ತಮ್ಮದೇ ಎಂದು ತಿಳಿದಿದ್ದರು.

ಆದದ್ದಿಷ್ಟು. ಬಸದಿಯಲ್ಲಿ ಪದ ಹಾಡಲು ಮುಂದಿನ ಸಾಲಿನಲ್ಲೇ ಕೂಡುತ್ತಿದ್ದ, ನಕ್ಕರೆ ಓಣಿಯ ತುದಿಗೂ ಕೇಳಿಸುತ್ತಿದ್ದ ಇಂದ್ರವ್ವ ಆ ಚಾತುರ್ಮಾಸದಲ್ಲಿ ಒಳಕೋಣೆ ಸೇರಿದರು. ಮಾತಾಡಿಸಿದರೆ ಬರೀ ಗೋಣು ಹಾಕುವರು. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯುವುದು. ಜನ ಬಂದರೆ ಸೆರಗು ಹೊದ್ದು ಗೋಡೆಗೆ ಮುಖ ಮಾಡುವರು. ಕಿವಿಯಲ್ಲಿ ಹತ್ತಿ.

"ಲೋಕದ ಮಾತು ಒಳಗ ಹೋಗಬಾರದಂತ ಹತ್ತಿ ಇಟ್ಕೊಂಡಾರ. ಪಕ್ಕಾ ವೈರಾಗ್ಯರೀ ಇದು," ಎಂದರು ನೇಮಿರಾಜ. ಅಡುಗೆಮನೆಯಲ್ಲಿ ಇಂದ್ರವ್ವ ಒಂದೆರಡು ಮಾತಾಡಿದ್ದನ್ನು ಕೇಳಿಸಿಕೊಂಡವರಿಗೆ, ಸಂಸಾರಸ್ಥರಿಗೆ ಅಷ್ಟು ಸವಲತ್ತು ಉಂಟು ಎಂದು ತೀರ್ಪನ್ನೂ ಕೊಟ್ಟರು.

ನೆರೆಮನೆಯ ಪದ್ಮವ್ವ ಕಾಯಿ ತಂದಿಟ್ಟು ಕಾಲಿಗೆ ಬಿದ್ದು ಹೋದರು. ಹಿಂದೆಯೇ ಓಣಿಯವರೂ ಬರತೊಡಗಿದರು. ಇಂದ್ರವ್ವ ಗೋಡೆಯತ್ತ ಇನ್ನಷ್ಟು ಸರಿದರು. ವೈರಾಗ್ಯ ಹೆಚ್ಚಿತೆಂದು ನೇಮಿರಾಜ ಸತ್ಕಾರ ಸಮಾರಂಭ ಗೊತ್ತುಮಾಡಿ ಶಾಲು ತಂದರು. ಭಾಷಣ ಯಾರದೆಂದು ಬೇರೆ ಹೇಳಬೇಕಿಲ್ಲ.

ಎಲ್ಲವನ್ನೂ ತಾಲೀಮು ಮಾಡಿ ನೋಡುವ ಮನುಷ್ಯ. ಒಂದು ಮಧ್ಯಾಹ್ನ ಶಾಲು ಹೊದಿಸಿ ನೋಡಲೆಂದು ಅತ್ತಿಗೆಯ ಹಿಂದೆ ನಿಂತು ಬಾಗಿದರು. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಹತ್ತಿ ಕೀವಿನಿಂದ ಹಳದಿಗಟ್ಟಿ ಒದ್ದೆಯಾಗಿತ್ತು.

"ವೈನಿ, ಏನ್ರೀ ಇದು?"

ಇಂದ್ರವ್ವ ಬೆದರಿ ಕಿವಿ ಮುಚ್ಚಿಕೊಂಡರು. "ಅತ್ತಾಗ ಸರಿಯಪಾ. ನಾರತೈತಿ."

"ಯಾವಾಗಿಂದ?"

ಅವರಿಗೆ ಕೇಳಿಸಲಿಲ್ಲ. ನೇಮಿರಾಜ ಎದುರಿಗೆ ಬಂದು ಕೂತು ಮತ್ತೊಮ್ಮೆ ಜೋರಾಗಿ ಕೇಳಿದರು.

"ಸಣ್ಣಾಕಿ ಇದ್ದಾಗಿಂದ ಸೋರತಿತ್ತು, ನಿಲ್ಲತಿತ್ತು. ಈಗ ನಿಲ್ಲವಲ್ದು. ಬಸದ್ಯಾಗ ಬಾಜೂದಾಕಿ ಮೂಗ ಮುಚಗೊಂಡ್ಳು. ಹಾಡೂದು ಎಲ್ಲೋ ತಪ್ಪಿತು, ಎಲ್ಲಾರೂ ನಕ್ಕರು. ಏನಂದು ನಕ್ಕರೋ ಅದೂ ಕೇಳಲಿಲ್ಲ." ಸೆರಗಿನಿಂದ ಕಿವಿ ಒರೆಸಿಕೊಂಡು, "ಮುಂಜಾನೆ ಎದ್ರ, ಯಾಕರೆ ಎದ್ದೆ ಅನಸತೈತಿ ತಮ್ಮಾ," ಎಂದರು.

"ಮತ್ತ ವ್ರತ?"

"ಯಾವ ವ್ರತ?"

ನೇಮಿರಾಜ ಶಾಲನ್ನು ಮಡಚಿ ಪಕ್ಕಕ್ಕಿಟ್ಟರು. ಅಣ್ಣನಿಗೆ ಫೋನು ಹಚ್ಚಿದರು. ಮರುದಿನ ಜಮಖಂಡಿ ಬಸ್ಸಿನಲ್ಲಿ ಇಂದ್ರವ್ವ ಬೇರೆ ಸೀಟು ತೋರಿಸಿದರೂ ಕೇಳದೆ, ನೇಮಿರಾಜ ಸೋರುವ ಕಿವಿಯ ಮಗ್ಗುಲಿಗೇ ಕೂತರು. ಪಾರಿಸಪ್ಪ ಪಾಳಿ ಬಿಟ್ಟು ಜಮಖಂಡಿಯ ದವಾಖಾನೆಗೇ ಬಂದಿದ್ದರು.

ಕಿವಿಯ ಡಾಕ್ಟರು ಒಳಗಿನ ತಮಟೆಯಲ್ಲಿ ತೂತಾಗಿದೆ ಎಂದರು. "ಮೊದಲ ಒಣಗಸೂಣು, ಆಮ್ಯಾಲ ಆಪರೇಷನ್. ಆದ್ರ ವರ್ಷಗಟ್ಟಲೆ ಕಿವಿ ಸೋರಿದವರ ಮನಸ್ಸೂ ಎಷ್ಟೋ ಸಲ ಕುಸೀತದರೀ. ಅದೂ ಒಂದು ರೋಗಾನರೀ. ಅದರ ಡಾಕ್ಟರಿಗೂ ತೋರಸ್ರಿ."

ನೇಮಿರಾಜ ವಿಳಾಸ ಕೇಳಿ ಬರೆದುಕೊಂಡರು. ಆ ಡಾಕ್ಟರಿಗೂ ತೋರಿಸಿದರು.

ಗುಣ ಒಮ್ಮೆಲೇ ಬರಲಿಲ್ಲ. ಕಿವಿಗೆ ಹನಿ, ಮನಸ್ಸಿಗೆ ಗುಳಿಗೆ, ಆಪರೇಷನ್ನು, ನಡುನಡುವೆ ಎದ್ದೇಳಲೂ ಆಗದ ದಿನಗಳು. ಒಂದು ಮುಂಜಾನೆ ತಾಟು ಖಾಲಿಯಾಗಿತ್ತು. ಮುಂದೆ ಯಾವಾಗಲೋ ರೊಟ್ಟಿ ಬಡಿಯುತ್ತ ಪದದ ಒಂದು ಸಾಲು ಗುನುಗಿದರು. ಸತ್ಕಾರದ ಶಾಲನ್ನು ಅವರೇ ಕೇಳಿ ಇಸಕೊಂಡರು, ಕಿವಿಗೆ ಗಾಳಿ ಬಡಿಯದಂತೆ ಸುತ್ತಿಕೊಳ್ಳಲು.

ಅದನ್ನೇ ಸುತ್ತಿಕೊಂಡು ಬಸದಿಯ ಮುಂದಿನ ಸಾಲಿಗೆ ಬಂದು ಕೂತ ದಿನ, ಪದ್ಮವ್ವ ಹತ್ತಿರ ಸರಿದು ಕೈಮುಗಿದು ಕೇಳಿದರು:

"ಅಲ್ರೀ ಇಂದ್ರವ್ವಾರ, ಅಷ್ಟ ದಿನ ಮೌನ ಹಿಡದ್ರಿ. ನಿಮಗ ಏನ ಸಿಕ್ತು?"

ಹಿಂದಿನಿಂದ ನೇಮಿರಾಜ ಕೆಮ್ಮಿದರು.

"ಕೀವ," ಎಂದರು ಇಂದ್ರವ್ವ.